ಟೋಕನ್ ಹೋಟೆಲ್, ಚಾ ಅಂಗಡಿ, ಪಾರ್ಸಲ್ ಕೌಂಟರ್: ಟಿಪ್ಸ್ ಕೊಡೂ ಬಗ್ಗೆ ಹುಬ್ಬಳ್ಳಿ-ಧಾರವಾಡ ಮಂದಿ ಪದೇ ಪದೇ ಕೇಳೋ ಪ್ರಶ್ನೆಗಳು

ಮೊದಲ ನಮ್ಮ ಕಡೆ ಹೋಟೆಲ್ ಅಂದ್ರ ಕುಂತು ತಿನ್ನೂದು, ಸಪ್ಲಾಯರ್ ಬಂದು ಏನ್ ಕೊಡ್ಲಿರಿ ಅಂತ ಕೇಳ್ತಿದ್ದ, ತಿಂದಾದ ಮ್ಯಾಲೆ ಬಿಲ್ ಜೋಡಿ ಬಡೇಸೊಪ್ಪು ಬರ್ತಿತ್ತು, ಆ ಪ್ಲೇಟಿನಾಗ ಚಿಲ್ಲರ ಇಟ್ಟು ಎದ್ದು ಬರ್ತಿದ್ವಿ, ಯಾರಿಗೂ ಡೌಟ್ ಇರ್ತಿರಲಿಲ್ಲ. ಈಗ ವಿದ್ಯಾನಗರ, ಗೋಕುಲ ರೋಡ್, ಕೇಶ್ವಾಪುರ, ಧಾರವಾಡದ ಸಪ್ತಾಪುರ, ಎಲ್ಲಿ ನೋಡಿದ್ರೂ ಟೋಕನ್ ತಗೊಂಡು ನಿಂತು ತಿನ್ನೋ ಹೋಟೆಲ್ ಆಗ್ಯಾವ, ರೊಕ್ಕ ಮೊದಲ ಕೊಡಬೇಕು, ಪ್ಲೇಟ್ ನಾವ ತರಬೇಕು, ಬಡೇಸೊಪ್ಪಿನ ಪ್ಲೇಟ್ ಬರೂದ ಇಲ್ಲ. ಅದಕ್ಕ ಯಾರಿಗೆ, ಯಾವಾಗ, ಎಷ್ಟು ಕೊಡೂದು ಅನ್ನೋದು ಭಾಳ ಮಂದಿಗೆ ಗೊಂದಲ ಆಗೇತಿ. ಕೇಳೋ ಪ್ರಶ್ನೆ ಎಲ್ಲಾ ಒಂದ ಕಡೆ ಕೂಡಿಸಿ ಉತ್ತರ ಬರದೀನಿ. ನನ್ನ ಮಾತು ಮೊದಲ ಹೇಳಿಬಿಡ್ತೀನಿ: ಕೌಂಟರ್ ಸರ್ವಿಸಿಗೆ ಟಿಪ್ಸ್ ಕಡ್ಡಾಯ ಅಲ್ಲ, ಆದ್ರ ಕೊಟ್ರ ಅದು ದುಡದವರ ಕೈಗೆ ಮುಟ್ಟಬೇಕು, ಮಾಲಕರ ಖಾತೆಗೆ ಅಲ್ಲ.

ನಾನ ಟೋಕನ್ ತಗೊಂಡು, ನಾನ ಪ್ಲೇಟ್ ಎತ್ಕೊಂಡು ಬಂದು ತಿಂತೀನಿ, ಇದಕ್ಕೂ ಟಿಪ್ಸ್ ಕೊಡಬೇಕೇನ್ರಿ?

ಬ್ಯಾಡ್ರಿ. ಕೊಡಲಿಲ್ಲ ಅಂದ್ರ ಯಾರೂ ಏನೂ ತಿಳಕೊಳ್ಳೂದಿಲ್ಲ. ಇಡ್ಲಿ ತಿಂದು ಚಾ ಕುಡದು ನಡದ್ರಿ ಅಂದ್ರ ಲೆಕ್ಕಾ ಮುಗೀತು.

ಹಂಗಾರ ಅಲ್ಲಿ ಕೆಲಸ ಮಾಡವರಿಗೆ ಕೊಡೂದ ಬ್ಯಾಡ ಅಂತೀರೇನು?

ಹಂಗಲ್ಲ. ಕೊಡೂ ಮನಸ್ಸಿದ್ರ ಮೊದಲ ಯಾರು ಏನ್ ಮಾಡ್ಲಿಕತ್ತಾರ ಅಂತ ಒಂದ್ಸಲ ನೋಡ್ರಿ. ಗಲ್ಲಾದ ಮ್ಯಾಲೆ ಕುಂತವ್ರು ಹೆಚ್ಚಾಗಿ ಮಾಲಕರು, ಇಲ್ಲಾ ಅವರ ಅಣ್ಣತಮ್ಮಂದ್ರು, ಅವರಿಗೆ ಟಿಪ್ಸ್ ಕೊಡಾಕ ಹೋದ್ರ ಅವರಿಗೂ ಮುಜುಗರ ನಮಗೂ ಮುಜುಗರ. ದೋಸೆ ಹಂಚಿನ ಮುಂದ ನಿಂತವ್ರು ಬೆಳಗ್ಗಿಂದ ಆ ಝಳದಾಗ ನಿಂತಿರ್ತಾರ ಆದ್ರ ಅವರ ಕೈ ಖಾಲಿ ಇರೂದಿಲ್ಲ, ಕಲಿಸಿದ ಹಿಟ್ಟಿನ ಕೈಯಾಗ ನೋಟು ಹಿಡಿಯಾಕೂ ಬರೂದಿಲ್ಲ. ಉಳದವ್ರು ಅಂದ್ರ ಟೇಬಲ್ ಒರಸೋರು, ಎಂಜಲ ಪ್ಲೇಟ್ ಎತ್ತೋರು, ಹಿಂದ ತೊಳಿಯೋರು, ಪಾರ್ಸಲ್ ಕಟ್ಟೋರು. ಇಡೀ ಹೋಟೆಲಿನಾಗ ಕಡಿಮಿ ಪಗಾರ ಹೆಚ್ಚಾಗಿ ಇವರದ, ಮತ್ತ ನಮ್ಮ ಕಣ್ಣಿಗೆ ಬೀಳದವ್ರೂ ಇವರ. ಅದಕ್ಕ ನಾನು ಹೇಳೂದು, ಕೊಡೂದಿದ್ರ ಟೇಬಲ್ ಒರಸೋರ ಕೈಯಾಗ ಕೊಡ್ರಿ.

ಖಾನಾವಳಿ ಕಥಿ ಇನ್ನೂ ಬ್ಯಾರೆ. ಹುಬ್ಬಳ್ಳಿ, ಗದಗ, ಹಾವೇರಿ ಎಲ್ಲಾ ಕಡೆ ಲಿಂಗಾಯತ ಖಾನಾವಳಿಯಾಗ ಊಟಕ್ಕ ಕುಂತ್ರ ಬಿಸಿ ರೊಟ್ಟಿ ಒಂದಾದ ಮ್ಯಾಲೆ ಒಂದು ಬರ್ತಾವ, ಎಣ್ಣೆಗಾಯಿ ಖಾಲಿ ಆದ್ರ ಕೇಳೂಕಿಂತ ಮೊದಲ ಬೀಳತೈತಿ, ಬಡಿಸೋ ಅಣ್ಣಗ ನಾವು ಖುಷಿಯಿಂದ ಹತ್ತು ರೂಪಾಯಿ ಕೊಟ್ಟು ಬರ್ತೀವಿ. ಆದ್ರ ಆ ರೊಟ್ಟಿ ಬಡಿಯೋ ಅಕ್ಕಾಗೋಳು ಒಳಗ ಒಲಿ ಮುಂದ ಕುಂತಿರ್ತಾರ, ಅವರಿಗೆ ನಾವು ಯಾರು ಅಂತನೂ ಗೊತ್ತಿಲ್ಲ, ನಮಗ ಅವರು ಕಾಣೂದೂ ಇಲ್ಲ, ಬರೇ ತಟ್ಟೋ ಸಪ್ಪಳ ಕೇಳತೈತಿ. ಜ್ವಾಳದ ಹಿಟ್ಟು ನಾದಿ, ತಟ್ಟಿ, ಹಂಚಿಗೆ ಹಾಕಿ, ನೀರು ಸವರಿ, ಉಬ್ಬಿಸಿ ತೆಗಿಯೂದು ಸಣ್ಣ ಕೆಲಸ ಅಲ್ಲರಿ, ರಟ್ಟಿ ಬೀಳತಾವ. ರೆಗ್ಯುಲರ್ ಹೋಗೋ ಖಾನಾವಳಿ ಇದ್ರ ಮಾಲಕರಿಗೆ ಹೇಳಿ ಒಳಗ ಹೋಗಿ ಅವರ ಕೈಯಾಗ ಕೊಟ್ಟು, ರೊಟ್ಟಿ ಭಾಳ ಚೊಲೊ ಆಗಿದ್ವು ಬೇ ಅಂತ ಒಂದು ಮಾತು ಹೇಳಿ ಬರ್ರಿ. ಹೆಚ್ಚಿನ ಮಾಲಕರು ಬ್ಯಾಡ ಅನ್ನೂದಿಲ್ಲ.

ಎಷ್ಟು ಕೊಡೂದು? ಹತ್ತು ಪರ್ಸೆಂಟ್ ಅಂತಾರಲ್ಲ?

ಪರ್ಸೆಂಟ್ ಲೆಕ್ಕಾ ದೊಡ್ಡ ರೆಸ್ಟೋರೆಂಟಿಗೆ ಸರಿ, ಎ.ಸಿ. ಹಾಲಿನಾಗ ಕುಂತು ಸಾವಿರ ರೂಪಾಯಿ ಬಿಲ್ ಮಾಡಿದಾಗ ಐವತ್ತೋ ನೂರೋ ಇಟ್ಟು ಬರೂದು ರೂಢಿ ಐತಿ. ಕೌಂಟರಿನಾಗ ಪರ್ಸೆಂಟ್ ಹಚ್ಚಬ್ಯಾಡ್ರಿ. ಚಾ ಅಂಗಡಿಯಾಗ ಏನೂ ಬೇಕಾಗಿಲ್ಲ. ನಾಷ್ಟಾ ಮಾಡಿದಲ್ಲಿ ಟೇಬಲ್ ಒರಸೋರಿಗೆ ಐದು, ಹತ್ತು. ಮನಿ ಮಂದಿ ಎಲ್ಲಾ ಹೋಗಿ ಹುಡುಗರು ಸಾಂಬಾರ ಚೆಲ್ಲಿ ಟೇಬಲ್ ಹೊಲಸು ಮಾಡಿದ್ರ ಇಪ್ಪತ್ತು ಕೊಡ್ರಿ, ಅಷ್ಟು ಕೆಲಸ ಹೆಚ್ಚು ಮಾಡಿರ್ತೀವಿ ನಾವು. ಮನ್ಯಾಗಿನ ಕಾರ್ಯಕ್ರಮಕ್ಕ ಐವತ್ತು ಪ್ಲೇಟ್ ಉಪ್ಪಿಟ್ಟು-ಶಿರಾ ಪಾರ್ಸಲ್ ಕಟ್ಟಿಸಿದ್ರ, ಚಟ್ನಿ ಬ್ಯಾರೆ ಸಾಂಬಾರ ಬ್ಯಾರೆ ಗಂಟು ಹಾಕಿ ಗಾಡಿ ತನಕ ತಂದಿಟ್ರ ಐವತ್ತರಿಂದ ನೂರು ಕೊಡೂದು ನ್ಯಾಯ. ಇದು ನನ್ನ ಅಂದಾಜು, ಕಾನೂನು ಅಲ್ಲ, ನಿಮ್ಮ ಜೇಬು ನೋಡ್ಕೊಂಡು ಕೊಡ್ರಿ.

ಫೋನ್ ಪೇ ಮಾಡಾಗ ಹತ್ತು ರೂಪಾಯಿ ಹೆಚ್ಚು ಹಾಕಿದ್ರ ಹುಡುಗರಿಗೆ ಮುಟ್ಟತೈತೇನು?

ಇದು ಎಲ್ಲರಕ್ಕಿಂತ ಹೆಚ್ಚು ತಿಳ್ಕೋಬೇಕಾದ ಮಾತು. ಕೌಂಟರಿನ ಮ್ಯಾಲಿನ ಕ್ಯೂಆರ್ ಕೋಡ್ ಮಾಲಕರ ಬ್ಯಾಂಕ್ ಖಾತೆಗೆ ಕೂಡಿರತೈತಿ. ನೀವು 80 ರೂಪಾಯಿ ಬಿಲ್ಲಿಗೆ 90 ಹಾಕಿದ್ರ ಪಕ್ಕದಾಗಿನ ಸೌಂಡ್ ಬಾಕ್ಸ್ ತೊಂಬತ್ತು ರೂಪಾಯಿ ಬಂತು ಅಂತ ಜೋರಾಗಿ ಒದರತೈತಿ, ಅಷ್ಟ, ಅದರಾಗ ಹತ್ತು ಟೇಬಲ್ ಒರಸೋರದು ಅಂತ ಯಾರ ಲೆಕ್ಕದಾಗೂ ಬರೂದಿಲ್ಲ. ಮಾಲಕರು ಒಳ್ಳೇವರಿದ್ರೂ ಸಂಜಿ ಮುಂದ ಸಾವಿರ ಎಂಟ್ರಿ ಒಳಗ ಯಾವ ಹತ್ತು ಯಾರದು ಅಂತ ಹೆಂಗ ಹುಡುಕ್ಬೇಕು? ಯುಪಿಐ 2016ಕ್ಕ ಶುರು ಆತು, ನಮ್ಮ ಕಡೆ ಈಗ ಮಿರ್ಚಿ ಗಾಡಿ ಮ್ಯಾಲೂ ಸ್ಟಿಕರ್ ಐತಿ, ಅನುಕೂಲ ಭಾಳ ಆಗೇತಿ, ಚಿಲ್ಲರದ ಜಗಳ ಕಡಿಮಿ ಆಗೇತಿ, ಖರೆ. ಆದ್ರ ಮೊದಲ ಪ್ಲೇಟಿನಾಗ ಉಳಿತಿದ್ದ ಎರಡು-ಐದು ರೂಪಾಯಿ ಈಗ ಉಳಿಯೂದಿಲ್ಲ, ಬಿಲ್ 67 ಆದ್ರ ಬರೋಬ್ಬರಿ 67 ಹೋಗತೈತಿ. ಹಳೇ ಸಪ್ಲಾಯರ್ ಮಂದಿನ್ನ ಕೇಳಿ ನೋಡ್ರಿ, ಟಿಪ್ಸ್ ಕಡಿಮಿ ಆಗಿದ್ದು ಯಾಕ ಅಂದ್ರ ಮೊದಲ ಹೇಳೂದು ಇದನ್ನ.

ಅದಕ್ಕ ಎರಡು ದಾರಿ. ಒಂದು, ಗಾಡಿ ಡಿಕ್ಕಿಯಾಗೋ ಅಂಗಿ ಜೇಬಿನಾಗೋ ಹತ್ತು ರೂಪಾಯಿ ನಾಣ್ಯ ನಾಲ್ಕೈದು ಯಾವಾಗ್ಲೂ ಇಟ್ಕೊಂಡಿರ್ರಿ. ಎರಡನೇದು, ರೊಕ್ಕ ಇಲ್ಲಾ ಅಂದ್ರ, ಅಣ್ಣಾ ನಿಂದು ನಂಬರ್ ಹೇಳು ಅಂತ ಅವರ ನಂಬರಿಗೇ ಹಾಕ್ರಿ, ಆದ್ರ ಎಲ್ಲರ ಮುಂದ, ಅದರಾಗೂ ಹೆಣ್ಮಕ್ಕಳಿಗೆ, ನಂಬರ್ ಕೇಳೂದು ಸರಿ ಕಾಣೂದಿಲ್ಲ, ಅಲ್ಲಿ ನಾಣ್ಯನ ಚೊಲೊ.

ಕೌಂಟರ್ ಮ್ಯಾಲೆ ಟಿಪ್ಸ್ ಡಬ್ಬಿ ಇಟ್ಟಿರ್ತಾರಲ್ಲ, ಅದರಾಗ ಹಾಕಿದ್ರ?

ಹಾಕ್ರಿ, ಆದ್ರ ಒಂದ್ಸಲ ಕೇಳ್ರಿ, ಇದು ಯಾರು ಯಾರು ಹಂಚ್ಕೋತೀರಿ ಅಂತ. ಚೊಲೊ ನಡಸೋ ಕಡೆ ವಾರಕ್ಕೊಮ್ಮಿ ಒಡದು ಒಳಗ ತೊಳಿಯೋರಿಗೂ ಸೇರಿಸಿ ಸಮ ಹಂಚ್ತಾರ, ಅಂಥಲ್ಲಿ ಕೈಯಾಗ ಕೊಡೂಕಿಂತ ಡಬ್ಬಿನ ಉತ್ತಮ. ಉತ್ತರ ಹೇಳಾಕ ತಡವರಿಸಿದ್ರ ಕೈಯಾಗ ಕೊಡ್ರಿ. ಗಣಪತಿ ಪಟ್ಟಿ ಡಬ್ಬಿ, ಗೋಶಾಲಾ ಡಬ್ಬಿ ಪಕ್ಕದಾಗ ಇರ್ತಾವ, ಅವು ಬ್ಯಾರೆ, ಓದಿ ಹಾಕ್ರಿ.

ಚಿಲ್ಲರ ಇಲ್ಲ ಅಂತ ಚಾಕಲೇಟ್ ಕೊಡ್ತಾರ, ಇಲ್ಲಾ ಎರಡು ರೂಪಾಯಿ ವಾಪಸ್ ಕೊಡೂದ ಇಲ್ಲ. ಅದನ್ನ ಟಿಪ್ಸ್ ಅಂತ ಬಿಟ್ಟುಬಿಡೂದೇನು?

ಬಿಡೂದು ಬಿಡದಿರೂದು ನಿಮ್ಮ ಇಚ್ಛಾ, ಅವರ ಇಚ್ಛಾ ಅಲ್ಲ. ಟಿಪ್ಸ್ ಅಂದ್ರ ನಾವಾಗಿ ಕೊಡೂದು, ಅವರಾಗಿ ಹಿಡಕೊಂಡಿದ್ದು ಟಿಪ್ಸ್ ಅಲ್ಲ. ಎರಡು ರೂಪಾಯಿ ಕೇಳಿದ್ರ ಜುಗ್ಗ ಅಂತಾರ ಅನ್ನೋ ಹೆದರಿಕಿ ಬ್ಯಾಡ, ಮೆತ್ತಗ ಕೇಳ್ರಿ, ನಾಚಿಕಿ ಇಲ್ಲ ಅದರಾಗ. ನಮ್ಮ ವಾಯವ್ಯ ಸಾರಿಗೆ ಬಸ್ಸಿನಾಗ ಕಂಡಕ್ಟರ್ ಚಿಲ್ಲರ ಇಲ್ಲಾ ಅಂದ್ರ ಟಿಕೆಟ್ ಹಿಂದ ಬಾಕಿ ಬರದು ಕೊಡ್ತಾರಲ್ಲ, ಇಳಿಯೂಕಿಂತ ಮೊದಲ ಅದನ್ನ ಕೇಳಿ ಇಸ್ಕೊಳ್ಳೂದು ಎಷ್ಟು ಸಹಜ ಐತಿ ಹೋಟೆಲಿನಾಗೂ ಅಷ್ಟ ಸಹಜ ಇರಬೇಕು.

ಮತ್ತ ಹತ್ತು ರೂಪಾಯಿ ನಾಣ್ಯ ನಡಿಯೂದಿಲ್ಲ ಅಂತ ಈಗೂ ಕೆಲವು ಅಂಗಡಿಯವ್ರು ಹೇಳ್ತಾರ, ಅದು ತಪ್ಪು. 2018ರಾಗ ರಿಸರ್ವ್ ಬ್ಯಾಂಕ್ 14 ಡಿಸೈನಿನ ಹತ್ತು ರೂಪಾಯಿ ನಾಣ್ಯ ಎಲ್ಲಾ ಚಲಾವಣೆಯಾಗ ಅದಾವ ಅಂತ ಪ್ರಕಟಣೆ ಕೊಟ್ಟೇತಿ. ನೀವು ಟಿಪ್ಸ್ ಅಂತ ಕೊಟ್ಟ ನಾಣ್ಯನ್ನ ಆ ಹುಡುಗ ನಾಳೆ ಅಂಗಡಿಗೆ ಒಯ್ದು ವಾಪಸ್ ತಂದ್ರ ನಾವು ಕೊಟ್ಟಿದ್ದಕ್ಕ ಅರ್ಥ ಇಲ್ಲ, ಅದಕ್ಕ ಇದನ್ನ ಎಲ್ಲರಿಗೂ ಹೇಳ್ರಿ.

ಬಿಲ್ಲಿನಾಗ ಸರ್ವಿಸ್ ಚಾರ್ಜ್ ಅಂತ ಹಾಕಿರ್ತಾರ, ಕೊಡಬೇಕೇನು?

ಕಡ್ಡಾಯ ಇಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ಕ್ಕ ಮಾರ್ಗಸೂಚಿ ಹೊರಡಿಸಿತು, ಯಾವ ಹೋಟೆಲ್ಲೂ ಸರ್ವಿಸ್ ಚಾರ್ಜ್ ತಾನಾಗಿ ಬಿಲ್ಲಿಗೆ ಸೇರಿಸಂಗಿಲ್ಲ, ಬ್ಯಾರೆ ಹೆಸರಿಟ್ಟೂ ವಸೂಲ್ ಮಾಡಂಗಿಲ್ಲ, ಕೊಡದಿದ್ರ ಒಳಗ ಬಿಡೂದಿಲ್ಲ ಅನ್ನಂಗಿಲ್ಲ. ಹೋಟೆಲ್ ಸಂಘದವ್ರು ದಿಲ್ಲಿ ಹೈಕೋರ್ಟಿಗೆ ಹೋದ್ರು, ಅದ ತಿಂಗಳು ತಡೆ ಸಿಕ್ತು, ಕಡೀಕ 2025ರ ಮಾರ್ಚ್ 28ಕ್ಕ ಕೋರ್ಟ್ ಮಾರ್ಗಸೂಚಿನ್ನ ಎತ್ತಿ ಹಿಡೀತು. ಬಿಲ್ಲಿನಾಗ ಹಾಕಿದ್ರ ಮೊದಲ ತೆಗೀರಿ ಅಂತ ಕೇಳ್ರಿ, ತೆಗಿಯದಿದ್ರ 1915ಕ್ಕ ಫೋನ್ ಹಚ್ಚಿ ದೂರು ಕೊಡಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಜಿಎಸ್‌ಟಿ ಮಾತ್ರ ಬ್ಯಾರೆ. ಸಾಮಾನ್ಯ ಹೋಟೆಲಿನ ಊಟಕ್ಕ 5 ಪರ್ಸೆಂಟ್, ಅದು ಸರಕಾರಕ್ಕ ಹೋಗೂದು, ಅದನ್ನ ತೆಗೀರಿ ಅಂತ ಸಪ್ಲಾಯರ್ ಜೋಡಿ ಜಗಳ ತೆಗೀಬ್ಯಾಡ್ರಿ. ಬಿಲ್ ಏನ ಇದ್ರೂ ಅದು ಅವನ ಕೈಯಾಗ ಇಲ್ಲ. ನಮ್ಮ ಟೋಕನ್ ಹೋಟೆಲಿನಾಗ ಸರ್ವಿಸ್ ಚಾರ್ಜ್ ಕಾಣೂದು ಕಡಿಮಿ, ಆದ್ರ ಹೊಸಾ ಕೆಫೆಗೋಳಾಗ ನಾವ ಕಪ್ ಎತ್ಕೊಂಡು ಬಂದ್ರೂ ಅದನ್ನ ಹಾಕಿದ್ರ ಸುಮ್ನ ಕೊಟ್ಟು ಬರಬ್ಯಾಡ್ರಿ.

ಆಟೋ ಆ್ಯಪಿನಾಗ ಬುಕ್ ಮಾಡೂಕಿಂತ ಮೊದಲ ಟಿಪ್ಸ್ ಕೇಳತೈತಿ, ಇದೇನು?

ಇದು ಕೌಂಟರ್ ಅಲ್ಲ, ಆದ್ರೂ ಭಾಳ ಮಂದಿ ಕೇಳ್ತಾರ. ಗಾಡಿ ಬರೂಕಿಂತ ಮೊದಲ ಟಿಪ್ಸ್ ಹೆಚ್ಚು ಹಾಕಿದ್ರ ಲಗೂನ ಸಿಗತೈತಿ ಅಂತ ತೋರಸೂದು ನನಗಂತೂ ಒಪ್ಪಿಗಿ ಇಲ್ಲ. 2025ರ ಮೇ ತಿಂಗಳದಾಗ ಇದ ವಿಷಯಕ್ಕ ಗ್ರಾಹಕ ರಕ್ಷಣಾ ಪ್ರಾಧಿಕಾರ ಊಬರ್ ಕಂಪನಿಗೆ ನೋಟಿಸ್ ಕೊಟ್ಟಿತ್ತು, ಆಗ ಕೇಂದ್ರ ಗ್ರಾಹಕ ವ್ಯವಹಾರ ಸಚಿವರಾಗಿದ್ದವ್ರು ನಮ್ಮ ಧಾರವಾಡ ಕ್ಷೇತ್ರದ ಸಂಸದ ಪ್ರಹ್ಲಾದ ಜೋಶಿ, ಟಿಪ್ಸ್ ಅನ್ನೋದು ಸೇವಾ ಆದ ಮ್ಯಾಲೆ ಮೆಚ್ಚಿ ಕೊಡೂದು, ಮೊದಲ ಹಕ್ಕಿನಂಗ ಕೇಳೂದಲ್ಲ ಅನ್ನೋ ಅರ್ಥದಾಗ ಅವರೂ ಹೇಳಿದ್ರು. ಪಕ್ಷ ಪಂಗಡ ಬಾಜೂಕ ಇಟ್ಟು ನೋಡಿದ್ರೂ ಮಾತು ಸರಿ ಐತಿ. ಇಳದ ಮ್ಯಾಲೆ ಕೊಡ್ರಿ, ಮಳ್ಯಾಗ ಬಂದಿದ್ರ ಇಷ್ಟು ಹೆಚ್ಚು ಕೊಡ್ರಿ.

ದುರ್ಗದಬೈಲಿನಾಗ ಗಿರ್ಮಿಟ್, ಮಿರ್ಚಿ ಮಾಡವರಿಗೆ ಟಿಪ್ಸ್ ಕೊಡೂದೇನು?

ಗಾಡಿ ಅವರದ, ದಂಧಾ ಅವರದ, ಅವರ ಮಾಲಕರು. ಟಿಪ್ಸ್ ಬ್ಯಾಡ, ಚೌಕಾಸಿ ಮಾಡಬ್ಯಾಡ್ರಿ ಅಷ್ಟ ಸಾಕು. ಗಿರ್ಮಿಟ್ ಚೊಲೊ ಇದ್ರ ಇನ್ನೊಂದು ಪ್ಲೇಟ್ ತಿನ್ರಿ. ಜೋಡಿಗೆ ಕೆಲಸಕ್ಕ ಒಬ್ಬವ ಹುಡುಗ ಇದ್ರ, ಬಜ್ಜಿ ಕಾಗದ ಎತ್ತಿ ನೀರು ತಂದು ಕೊಡ್ತಿದ್ರ ಅವಂಗ ಕೊಡಬಹುದು.

ಆ ಹುಡುಗ ಭಾಳ ಸಣ್ಣವ ಕಾಣ್ತಾನ. ಪಾಪ ಅಂತ ಹೆಚ್ಚು ಟಿಪ್ಸ್ ಕೊಡ್ಲೇನು?

ಇಲ್ಲಿ ಟಿಪ್ಸ್ ಉತ್ತರ ಅಲ್ಲರಿ. ಹದಿನಾಲ್ಕು ವರ್ಷದ ಒಳಗಿನ ಮಕ್ಕಳನ್ನ ಹೋಟೆಲ್, ಧಾಬಾ ಎಲ್ಲಿಯೂ ಕೆಲಸಕ್ಕ ಹಚ್ಚಂಗಿಲ್ಲ, 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಾಗ ತಿದ್ದುಪಡಿ ಆದ ಮ್ಯಾಲೆ ಪೂರ್ತಿ ನಿಷೇಧ ಐತಿ. ಮನಿ ಮಂದಿ ದಂಧೇದಾಗ ಸಾಲಿ ಹೊತ್ತು ಮುಗದ ಮ್ಯಾಲೆ, ಇಲ್ಲಾ ರಜಾದಾಗ ಕೈ ಹಚ್ಚೂದಕ್ಕ ಮಾತ್ರ ಸಣ್ಣ ವಿನಾಯಿತಿ ಐತಿ. ಸಾಲಿ ಹೊತ್ತಿನಾಗ ದಿನಾ ಅಲ್ಲೇ ಕಂಡ್ರ 1098ಕ್ಕ ಫೋನ್ ಮಾಡ್ರಿ, ಅದು ಮಕ್ಕಳ ಸಹಾಯವಾಣಿ. ಆ ಹುಡುಗಗ ನಾವು ಕೊಟ್ಟ ಇಪ್ಪತ್ತು ರೂಪಾಯಿಂದ ಅವನ ಸಾಲಿ ವಾಪಸ್ ಬರೂದಿಲ್ಲ, ಒಂದು ಫೋನಿಂದ ಬರಬಹುದು. ಎದುರಿಗೆ ನಿಂತು ಮಾಲಕರ ಜೋಡಿ ಜಗಳ ಮಾಡಬ್ಯಾಡ್ರಿ, ಅದರ ಸಿಟ್ಟು ಆ ಹುಡುಗನ ಮ್ಯಾಲ ತೀರತೈತಿ.

ಲೈನ್ ಬಜಾರದಾಗ ಪೇಢೆ ತಗೊಳ್ಳಾಕ ಪಾಳಿ ಉದ್ದ ಇರತೈತಿ. ಕೌಂಟರ್ ಹುಡುಗಗ ಇಪ್ಪತ್ತು ಕೊಟ್ಟು ಮುಂದ ಹೋದ್ರ ತಪ್ಪೇನು?

ತಪ್ಪು. ಹಿಂದ ನಿಂತವ್ರ ಹೊತ್ತು ನೀವು ಇಪ್ಪತ್ತು ರೂಪಾಯಿಗೆ ಕೊಂಡಂಗಾತು, ಮತ್ತ ಆ ಹುಡುಗನ ಕೆಲಸಕ್ಕೂ ಸಂಚಕಾರ. ಊರಿಗೆ ಹೋಗೋ ಬಸ್ಸಿನ ಹೊತ್ತಾಗಿದ್ರ ಮುಂದಿನವರಿಗೆ ಕೇಳ್ರಿ, ಧಾರವಾಡ ಮಂದಿ ಇಲ್ಲ ಅನ್ನೂದು ಕಡಿಮಿ. ಪೇಢೆ, ಬೇಕರಿ, ಔಷಧ ಅಂಗಡಿ, ಕಿರಾಣಿ, ಇವು ಯಾವಕ್ಕೂ ಟಿಪ್ಸ್ ರೂಢಿನ ಇಲ್ಲ.

ಸರಕಾರಿ ಆಫೀಸ್ ಕೌಂಟರಿನಾಗ ಚಾ-ಪಾನಿಗೆ ಅಂತ ಕೇಳ್ತಾರ. ಕೆಲಸ ಆದ ಮ್ಯಾಲೆ ಖುಷಿಗೆ ಕೊಡೂದಲ್ಲ, ಅದರಾಗ ಏನ್ ತಪ್ಪು?

ಅದು ಟಿಪ್ಸ್ ಅಲ್ಲ, ಲಂಚ. ಕೆಲಸಕ್ಕಿಂತ ಮೊದಲ ಕೊಟ್ರೂ ಅಷ್ಟ, ಆಮ್ಯಾಲ ಕೊಟ್ರೂ ಅಷ್ಟ. ಹೋಟೆಲಿನಾಗ ಟೇಬಲ್ ಒರಸೋರಿಗೆ ಕೊಟ್ಟಿದ್ದರಿಂದ ಪಕ್ಕದ ಟೇಬಲ್ಲಿನವ್ರಿಗೆ ಏನೂ ಕಡಿಮಿ ಆಗೂದಿಲ್ಲ, ಆದ್ರ ನಾಡಕಚೇರಿಯಾಗ ನೀವು ಖುಷಿಗೆ ಅಂತ ಕೊಟ್ಟ ನೂರು ರೂಪಾಯಿ ನಿಮ್ಮ ಹಿಂದ ನಿಂತ ಕೂಲಿ ಅಜ್ಜಿಗೆ ರೇಟ್ ಆಗಿ ಕುಂದರತೈತಿ, ಆಕಿಗೆ ಕೊಡಾಕ ಇರೂದಿಲ್ಲ. ಈ ವ್ಯತ್ಯಾಸ ಮನಸ್ಸಿನಾಗ ಇಟ್ಕೊಳ್ರಿ. 1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಾಗ ತಿದ್ದುಪಡಿ ಆದ ಮ್ಯಾಲೆ ಕೊಟ್ಟವ್ರೂ ಅಪರಾಧಿನ, ಒತ್ತಾಯಕ್ಕ ಕೊಟ್ಟಿದ್ರ ಏಳು ದಿನದಾಗ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದ್ರ ಮಾತ್ರ ರಕ್ಷಣಾ ಐತಿ. ನಮ್ಮ ರಾಜ್ಯದಾಗ ಲೋಕಾಯುಕ್ತಕ್ಕ ದೂರು ಕೊಡಬಹುದು. ಅರ್ಜಿ ಕೊಟ್ಟಾಗ ಸಕಾಲ ನಂಬರ್ ಇರೋ ರಸೀದಿ ಕೇಳಿ ಇಸ್ಕೊಳ್ರಿ, ಸಕಾಲ ಕಾಯ್ದೆ 2011ರದು, ವಾಯಿದೆ ಮೀರಿದ್ರ ದಿನಕ್ಕ 20 ರೂಪಾಯಿ, ಹೆಚ್ಚಂದ್ರ 500 ರೂಪಾಯಿ ಪರಿಹಾರ ಕೇಳೋ ಹಕ್ಕು ನಮ್ಮದು.

ಪೆಟ್ರೋಲ್ ಬಂಕಿನಾಗ ಗಾಳಿ ಹಾಕಿದವರಿಗೆ?

ಬಂಕಿನಾಗ ಗಾಳಿ ಫ್ರೀ ಇರಬೇಕು, ಅದು ನಿಯಮ. ನಾಲ್ಕೂ ಗಾಲಿಗೆ ಬಗ್ಗಿ ಬಗ್ಗಿ ಹಾಕಿದವರಿಗೆ ನೀವಾಗಿ ಐದು-ಹತ್ತು ಕೊಡೂದು ಬ್ಯಾರೆ ಮಾತು, ಬಿಸಲಾಗ ನಿಂತಿರ್ತಾರ, ಕೊಡ್ರಿ.

ಮಗಾ ಅಮೆರಿಕಾದಾಗ ಅದಾನ. ಅಲ್ಲಿಗೆ ಹೋದಾಗ ಬರೇ ಒಂದು ಕಾಫಿ ತಗೊಂಡ್ರೂ ಕೌಂಟರ್ ಸ್ಕ್ರೀನ್ ತಿರುಗಿಸಿ 18, 20, 25 ಪರ್ಸೆಂಟ್ ಅಂತ ತೋರಸ್ತಾರ. ಏನ್ ಒತ್ತೂದು?

ಅಲ್ಲಿ ಪದ್ಧತಿ ಹಂಗ ಯಾಕ ಆತು ಅಂದ್ರ, ಅಲ್ಲಿನ ಫೆಡರಲ್ ಕಾನೂನಿನಾಗ ಟಿಪ್ಸ್ ಸಿಗೋ ಕೆಲಸಗಾರರಿಗೆ ಮಾಲಕರು ತಾಸಿಗೆ 2.13 ಡಾಲರ್ ಕೊಟ್ರ ಸಾಕು, 1991ರಿಂದ ಅದ ರೇಟ್ ಐತಿ, ಟಿಪ್ಸ್ ಕೂಡಿಸಿ ಕನಿಷ್ಠ ಕೂಲಿ 7.25 ಡಾಲರ್ ಮುಟ್ಟದಿದ್ರ ಮಾತ್ರ ಉಳದದ್ದು ಮಾಲಕರು ತುಂಬಬೇಕು. ಅಂದ್ರ ಕುಂತು ಊಟ ಮಾಡೋ ಹೋಟೆಲಿನಾಗ ನೀವು ಕೊಡೋ 15-20 ಪರ್ಸೆಂಟ್ ಅವರ ಪಗಾರದ ಒಂದು ಭಾಗನ, ಅಲ್ಲಿ ನಮ್ಮ ಊರಿನ ಲೆಕ್ಕದಾಗ ಎರಡು ಡಾಲರ್ ಇಟ್ಟು ಎದ್ದು ಬಂದ್ರ ಬಡಿಸಿದವ್ರಿಗೆ ಖರೇನ ಪೆಟ್ಟು ಬೀಳತೈತಿ. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್ ಅಂಥ ಕೆಲವು ರಾಜ್ಯದಾಗ ಈ ಕಡಿಮಿ ರೇಟ್ ಇಲ್ಲ, ಎಲ್ಲರಿಗೂ ಪೂರ್ತಿ ಕನಿಷ್ಠ ಕೂಲಿ ಕೊಡಬೇಕು.

ಕೌಂಟರ್ ಕಾಫಿಗೆ ಮಾತ್ರ ಅಲ್ಲಿಯವ್ರೂ ಕಡ್ಡಾಯ ಅನ್ನೂದಿಲ್ಲ, ಕೆಲವ್ರು ಒಂದು ಡಾಲರ್ ಹಾಕ್ತಾರ, ಕೆಲವ್ರು ನೋ ಟಿಪ್ ಒತ್ತಿ ನಡೀತಾರ. ಹಿಂದ ಪಾಳಿ ನಿಂತೇತಿ ಅಂತ ಗಾಬರಿ ಆಗಿ 25 ಒತ್ತಬ್ಯಾಡ್ರಿ. ಜಪಾನಿಗೆ ಹೋದ್ರ ಟಿಪ್ಸ್ ಕೊಡೂದ ಬ್ಯಾಡ, ಅಲ್ಲಿ ಆ ರೂಢಿ ಇಲ್ಲ, ಬಿಟ್ಟು ಬಂದ ರೊಕ್ಕ ಮರತೀರಿ ಅಂತ ತಂದು ಕೊಡ್ತಾರ. ನಮ್ಮಲ್ಲಿ ಹೋಟೆಲ್ ಕೆಲಸಕ್ಕ ರಾಜ್ಯ ಸರಕಾರ ಕನಿಷ್ಠ ವೇತನ ನಿಗದಿ ಮಾಡತೈತಿ, ಟಿಪ್ಸ್ ಬರತಾವ ಅಂತ ಪಗಾರ ಕಡಿಮಿ ಕೊಡಾಕ ಮಾಲಕರಿಗೆ ಯಾವ ಕಾನೂನೂ ಹೇಳಿಲ್ಲ.

ನಾನು ಸ್ಟೂಡೆಂಟ್, ಸಪ್ತಾಪುರದಾಗ ರೂಮ್ ಮಾಡ್ಕೊಂಡು ಎಕ್ಸಾಮಿಗೆ ಓದ್ಲಿಕತ್ತೀನಿ. ದಿನಾ ಒಂದ ಮೆಸ್ ಊಟ, ಟಿಪ್ಸ್ ಕೊಡೂ ಅಷ್ಟು ರೊಕ್ಕ ಇಲ್ಲ, ನಾಚಿಕಿ ಆಗತೈತಿ.

ತಮ್ಮಾ, ನಾಚಿಕಿ ಬ್ಯಾಡ. ಮನಿಯಿಂದ ಕಳಿಸಿದ ರೊಕ್ಕದಾಗ ತಿಂಗಳ ತೆಗಿಯೋರಿಂದ ಯಾರೂ ಟಿಪ್ಸ್ ಬಯಸೂದಿಲ್ಲ. ರೊಕ್ಕ ಇಲ್ಲದ ಮಾಡೂದು ಭಾಳ ಐತಿ, ಮತ್ತ ಹೋಟೆಲ್ ಕೆಲಸದವ್ರನ್ನ ಕೇಳಿದ್ರ ಅವರು ಹೇಳೂದೂ ಇದನ್ನ: ತಿಂದ ಪ್ಲೇಟ್ ತೊಳಿಯೋ ಟಬ್ಬಿನಾಗ ನೀನ ಇಟ್ಟು ಬಾ, ಪ್ಲೇಟಿನಾಗ ಕೈ ತೊಳೀಬ್ಯಾಡ, ಟಿಶ್ಯೂ ಪೇಪರ್ ಚಾ ಕಪ್ಪಿನಾಗ ತುರುಕಬ್ಯಾಡ ಯಾಕಂದ್ರ ಯಾರೋ ಕೈ ಹಾಕಿ ತೆಗೀಬೇಕು, ಚಿಟಿಕಿ ಹೊಡದು ಏ ಹುಡುಗಾ ಅಂತ ಕರೀಬ್ಯಾಡ, ಅಣ್ಣಾ, ಅಕ್ಕಾ ಅನ್ನು. ಬಂದ್ ಮಾಡೋ ಹೊತ್ತಿನಾಗ ಹೋಗಿ ಅನ್ನ ಬಿಸಿ ಇಲ್ಲ ಅಂತ ಒದರಬ್ಯಾಡ. ನೌಕರಿ ಸಿಕ್ಕ ಮ್ಯಾಲೆ ಅದ ಮೆಸ್ಸಿಗೆ ಪೇಢೆ ತಗೊಂಡು ಬರೋ ಹುಡುಗರು ಧಾರವಾಡದಾಗ ಇನ್ನೂ ಅದಾರ.

ದೀಪಾವಳಿಗೆ?

ದಿನಾ ಹೋಗೋ ಜಾಗಾ ಇದ್ರ ದೀಪಾವಳಿ ಖುಷಿ ಕೊಡ್ರಿ. ದಿನಾ ಐದು ಕೊಡೂಕಿಂತ ಹಬ್ಬಕ್ಕ ಒಮ್ಮಿ ಇನ್ನೂರು, ಐನೂರು ಕೊಟ್ರ ಅವರ ಮನ್ಯಾಗ ಏನರ ಒಂದು ಆಗತೈತಿ. ಹಬ್ಬದ ದಿನಾ ಅಲ್ಲ, ಎರಡು ದಿನಾ ಮೊದಲ ಕೊಡ್ರಿ, ಊರಿಗೆ ಹೋಗೂಕಿಂತ ಮೊದಲ ಕೈಯಾಗ ಇರಬೇಕು, ಹುಡುಗರಿಗೆ ಅಂಗಿ ತಗೋಬೇಕು. ಹಳೇ ಅರಿವಿ, ಉಳದ ಫಳಾರ ಬ್ಯಾಡ. ಒಳಗ ತೊಳಿಯೋರನ್ನ ಮರೀಬ್ಯಾಡ್ರಿ.

ಕೊಟ್ಟೆ, ಆದ್ರ ಅವ ಬ್ಯಾಡ್ರಿ ಸಾಹೇಬ್ರ ಅಂತ ವಾಪಸ್ ಕೊಟ್ಟ. ಏನ್ ಮಾಡ್ಲಿ?

ಜೇಬಿನಾಗ ತುರುಕಬ್ಯಾಡ್ರಿ. ಕೆಲವು ಕಡೆ ಮಾಲಕರು ತಗೋಬ್ಯಾಡ ಅಂತ ಹೇಳಿರ್ತಾರ, ಮ್ಯಾಲೆ ಕ್ಯಾಮೆರಾ ಇರ್ತಾವ, ಕೆಲವ್ರಿಗೆ ತಗೊಳ್ಳೂದು ಇಷ್ಟ ಇರೂದಿಲ್ಲ, ಅದು ಅವರ ಅಭಿಮಾನ. ಹೆಸರ ಕೇಳ್ಕೊಂಡು ಹೊರಗ ಬರಾಗ ಗಲ್ಲಾದ ಮುಂದ ನಿಂತು ಮಾಲಕರಿಗೆ ಆ ಹೆಸರ ಹೇಳಿ, ಇವರು ಭಾಳ ಚೊಲೊ ನೋಡ್ಕೊಂಡ್ರು ಅಂತ ನಾಲ್ಕು ಮಂದಿಗೆ ಕೇಳಂಗ ಹೇಳ್ರಿ. ಗೂಗಲ್ ರಿವ್ಯೂ ಬರಿಯೋ ರೂಢಿ ಇದ್ರ ದೋಸಿ ಬಗ್ಗೆ ಜೋಡಿ ಅವರ ಹೆಸರೂ ಒಂದು ಸಾಲಿನಾಗ ಹಾಕ್ರಿ, ಈಗ ಭಾಳ ಮಾಲಕರು ಅದನ್ನ ಓದ್ತಾರ, ಪಗಾರ ಹೆಚ್ಚು ಕೇಳೋ ಹೊತ್ತಿಗೆ ಅವರಿಗೆ ಅದು ಉಪಯೋಗಕ್ಕ ಬರತೈತಿ.